ನೆರೆಮನೆಯ ಹಬ್ಬಕ್ಕೆ ಹೋಗಬಹುದೆ?

ಕ್ರಿಸ್‌ಮಸ್ಸಿನ ನಕ್ಷತ್ರದೀಪವನ್ನು ಬಾಗಿಲಿನಿಂದ ಇಳಿಸಿ ಇನ್ನೂ ಒಂದೆರಡು ವಾರ ಕಳೆದಿರುವುದಿಲ್ಲ; ಅಷ್ಟರಲ್ಲೇ ಚೆನ್ನೈಯ ಬೀದಿಗಳಲ್ಲಿ ಕಬ್ಬಿನ ಜಲ್ಲೆಯೂ ಅರಿಶಿನದ ಗಿಡವೂ ಬಂದು ನಿಲ್ಲುತ್ತವೆ. ಪೊಂಗಲ್ ಮುಗಿದು ಎರಡು ತಿಂಗಳಿಗೆಲ್ಲ ನಮ್ಮ ಯುಗಾದಿ. ಆಮೇಲೆ ಚೌತಿ, ನವರಾತ್ರಿ, ದೀಪಾವಳಿ; ಮತ್ತೆ ಕ್ರಿಸ್‌ಮಸ್. ಊರಿನಲ್ಲಿದ್ದಾಗ ಹಬ್ಬಗಳಿಗೆ ಕೇರಿಯ ಗಡಿಯಿತ್ತು. ಇಲ್ಲಿಯ ಮಹಡಿ ಮನೆಗಳಲ್ಲಿ ಒಂದೇ ಮೆಟ್ಟಿಲ ಸಾಲಿಗೆ ಎಂಟು ಬಾಗಿಲು. ಒಂದು ಮನೆಯ ಒಗ್ಗರಣೆಯ ಘಮ ಉಳಿದ ಏಳು ಮನೆಗೂ ಪಾಲು. ಹೀಗಾಗಿ ಇನ್ನೊಬ್ಬರ ಹಬ್ಬ ಒಂದು ಬಟ್ಟಲಿನ ರೂಪದಲ್ಲಿ ನಮ್ಮ ಬಾಗಿಲಿಗೆ ಬಂದೇ ಬರುತ್ತದೆ.

ಈ ಪುಟವನ್ನು ಓದುವ ಕ್ರೈಸ್ತ ಸೋದರಿಯೊಬ್ಬರು ಅಂತಹ ಬಟ್ಟಲೊಂದರ ವಿಷಯ ಬರೆದಿದ್ದಾರೆ. ಎದುರು ಮನೆಯ ತಮಿಳು ಮಾಮಿ ಸಕ್ಕರೆ ಪೊಂಗಲ್ ಕಳುಹಿಸಿದರಂತೆ. ಮಗಳು ಕೈ ಚಾಚಿದಾಗ, ಊರಿನಿಂದ ಬಂದಿದ್ದ ಅತ್ತೆಯವರು ಬಟ್ಟಲನ್ನು ಎತ್ತಿ ಆಚೆಗಿಟ್ಟು, "ಅದು ಸೂರ್ಯನಿಗೆ ಇಟ್ಟದ್ದು, ನಮಗಲ್ಲ" ಎಂದರಂತೆ. ಬಾಗಿಲಲ್ಲಿ ನಿಂತಿದ್ದ ಮಾಮಿಗೆ ಕನ್ನಡ ತಿಳಿಯದಿದ್ದರೂ ಅರ್ಥವಾಯಿತು. "ಅತ್ತೆಯವರು ದೈವಭಕ್ತರು, ಅವರನ್ನು ಹಳಿಯಲಾರೆ. ಮಾಮಿಯಾದರೋ ನನ್ನ ಬಾಣಂತನದಲ್ಲಿ ತಾಯಿಯಂತೆ ನೋಡಿಕೊಂಡವರು. ಮಗಳು ಎರಡು ದಿನ ಆ ಬಾಗಿಲ ಕಡೆ ತಲೆಯೆತ್ತಲಿಲ್ಲ. ಅನ್ಯಮತದ ಬೇರಿನಿಂದ ಬಂದ ಹಬ್ಬದಲ್ಲಿ ಕ್ರೈಸ್ತರು ಭಾಗವಹಿಸಬಹುದೆ, ಬಾರದೆ?" ಇದು ಅವರ ಪ್ರಶ್ನೆ.

ನಾನೂ ಕ್ರೈಸ್ತನೇ, ಉಡುಪಿ ಕಡೆಯವನು. ಆದರೆ ಪಾದ್ರಿಯಲ್ಲ, ಸರಕಾರಿ ಕಚೇರಿಯ ಗುಮಾಸ್ತ. ಕಡತದಲ್ಲಿ ಹಿಂದಿನ ದಾಖಲೆಗಳನ್ನು ಜೋಡಿಸಿ ಟಿಪ್ಪಣಿ ಬರೆಯುವುದು ಗುಮಾಸ್ತನ ಕೆಲಸ. ಆಜ್ಞೆ ಹೊರಡಿಸುವ ಅಧಿಕಾರ ಅವನಿಗಿಲ್ಲ. ಈ ಲೇಖನವನ್ನೂ ಹಾಗೆಯೇ ಓದಿಕೊಳ್ಳಬೇಕೆಂದು ಪ್ರಾರ್ಥನೆ. ನಮ್ಮ ವಾಚಕರಲ್ಲಿ ಹೆಚ್ಚಿನವರು ಹಿಂದೂಗಳು. ಆ ಬಟ್ಟಲುಗಳನ್ನು ಕಳುಹಿಸುವವರೂ ಅವರೇ ಆದ್ದರಿಂದ ಇದು ಅವರಿಗೂ ಸಂಬಂಧಪಟ್ಟ ಮಾತು.

ಮೊದಲು ಬೇರಿನ ವಿಚಾರ. ಹಬ್ಬದ ಬೇರು ಅನ್ಯಮತದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ಬಿಡಬೇಕೆಂದರೆ ನಾವು ಮೊದಲು ಬಿಡಬೇಕಾದದ್ದು ಪೊಂಗಲನ್ನಲ್ಲ, ಕ್ರಿಸ್‌ಮಸ್ಸನ್ನೇ ಎಂದು ವಾದಿಸುವವರಿದ್ದಾರೆ. ಯೇಸು ಹುಟ್ಟಿದ ದಿನ ಯಾವುದೆಂದು ಸುವಾರ್ತೆಗಳು ಹೇಳುವುದಿಲ್ಲ. ೨೭೪ರಲ್ಲಿ ರೋಮಿನ ಚಕ್ರವರ್ತಿ ಔರೇಲಿಯನ್ ಅಜೇಯ ಸೂರ್ಯನಿಗೆ ದೊಡ್ಡದೊಂದು ದೇಗುಲ ಕಟ್ಟಿಸಿದ. ೩೫೪ರ ರೋಮಿನ ಪಂಚಾಂಗವೊಂದು ಉಳಿದು ಬಂದಿದೆ; ಅದರಲ್ಲಿ ಡಿಸೆಂಬರ್ ೨೫ ಒಂದು ಕಡೆ ಅಜೇಯನ ಜನ್ಮದಿನ, ಮತ್ತೊಂದು ಕಡೆ ಕ್ರಿಸ್ತನ ಜನ್ಮದಿನ. ಸೂರ್ಯನ ಹಬ್ಬವನ್ನೇ ಸಭೆ ತನ್ನದಾಗಿಸಿಕೊಂಡಿತೆಂದು ಕೆಲವು ಪಂಡಿತರು ಹೇಳುತ್ತಾರೆ. ಇಲ್ಲ, ಮಾರ್ಚ್ ೨೫ರಂದು ಗರ್ಭಧಾರಣೆಯೆಂದು ಎಣಿಸಿ ಒಂಬತ್ತು ತಿಂಗಳು ಕೂಡಿಸಿದಾಗ ಬಂದ ದಿನವದು ಎಂದು ಬೇರೆ ಕೆಲವರು. ಆ ಜಗಳ ತೀರಿಲ್ಲ.

ಬೇರನ್ನು ಅಗೆದು ನೋಡಿ, ಮಾತಿಗೆ ತಕ್ಕಂತೆ ನಡೆದವರೂ ಉಂಟು. ಇಂಗ್ಲೆಂಡಿನ ಪ್ಯೂರಿಟನ್ನರು ೧೬೪೭ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ಕ್ರಿಸ್‌ಮಸ್ಸನ್ನೂ ಈಸ್ಟರನ್ನೂ ರದ್ದುಮಾಡಿದರು. ಅಮೆರಿಕೆಯ ಮಸಾಚುಸೆಟ್ಸ್ ವಸಾಹತಿನಲ್ಲಿ ೧೬೫೯ರಿಂದ ೧೬೮೧ರವರೆಗೆ ಕ್ರಿಸ್‌ಮಸ್ ಆಚರಿಸಿದವನಿಗೆ ಐದು ಶಿಲ್ಲಿಂಗ್ ದಂಡ. ಈಗಲೂ ಯೆಹೋವನ ಸಾಕ್ಷಿಗಳು ಕ್ರಿಸ್‌ಮಸ್ ಆಚರಿಸುವುದಿಲ್ಲ. ಇವರೊಡನೆ ನಾವು ಒಪ್ಪದಿರಬಹುದು. ಆದರೆ ನೆರೆಯವನ ಹಬ್ಬಕ್ಕೊಂದು ಅಳತೆ, ನಮ್ಮ ಹಬ್ಬಕ್ಕೊಂದು ಅಳತೆ ಇಟ್ಟುಕೊಂಡವರಲ್ಲ ಎಂಬ ಗೌರವ ಅವರಿಗೆ ಸಲ್ಲಬೇಕು.

ದಿನದ ಮಾತು ಹಾಗಿರಲಿ, ನಮ್ಮ ನಾಲಗೆಯ ಮಾತು ನೋಡಿ. ವಾರಕ್ಕೊಮ್ಮೆ ನಾವು ಆರಾಧನೆಗೆ ಹೋಗುವುದು ಭಾನುವಾರ. ಭಾನು ಎಂದರೆ ಸೂರ್ಯನೇ ಅಲ್ಲವೆ? ನಮ್ಮ ಕನ್ನಡ ಬೈಬಲಿನಲ್ಲಿ ದೇವರು ಇದ್ದಾನೆ, ಯಜ್ಞವೇದಿ ಇದೆ, ಸ್ವರ್ಗ ಇದೆ, ಕೀರ್ತನೆಗಳಿವೆ. ಈ ಮಾತುಗಳಲ್ಲಿ ಯಾವುದೂ ಪಾದ್ರಿಗಳು ಹಡಗಿನಲ್ಲಿ ತಂದದ್ದಲ್ಲ. ಎಲ್ಲವೂ ಈ ನೆಲದ ಗುಡಿಗಳಲ್ಲಿ, ಮಠಗಳಲ್ಲಿ, ಮನೆಗಳಲ್ಲಿ ಮೊದಲೇ ಆಡಿದ ಮಾತುಗಳು. ಬೇರು ಬೇರೆಯವರದೆಂದು ಇವನ್ನೆಲ್ಲ ಕಿತ್ತರೆ ಕನ್ನಡ ಕ್ರೈಸ್ತನಿಗೆ ಪ್ರಾರ್ಥಿಸಲು ಬಾಯಿಯೇ ಉಳಿಯದು. ಆದ್ದರಿಂದ ಬೇರು ಎಲ್ಲಿಯದು ಎಂಬುದೊಂದೇ ಅಳತೆಗೋಲಾಗಲಾರದು.

ಇಲ್ಲಿ ಒಂದು ಹಳೆಯ ಕಾಗದ ನೆನಪಿಗೆ ಬರುತ್ತದೆ. ೬೦೧ರಲ್ಲಿ ಪೋಪ್ ಗ್ರೆಗೊರಿ ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಎಂಬವನಿಗೆ ಪತ್ರ ಬರೆದು, ಅಲ್ಲಿಯ ಜನರ ಗುಡಿಗಳನ್ನು ಕೆಡವಬೇಡಿ, ವಿಗ್ರಹಗಳನ್ನು ಮಾತ್ರ ತೆಗೆದು ಗುಡಿಯನ್ನು ಶುದ್ಧಮಾಡಿ ಬಳಸಿ, ಬಲಿಯ ಹಬ್ಬವನ್ನು ಊಟದ ಹಬ್ಬವಾಗಿಸಿ ಎಂಬ ಅರ್ಥದ ಸಲಹೆ ಕೊಟ್ಟ. ಗುಡಿಯ ಒಡೆಯರಾಗಿದ್ದವರ ಮನಸ್ಸನ್ನು ಅವನು ಕೇಳಲಿಲ್ಲ ಎಂಬುದೂ ನಿಜ. ಆದರೂ ಹಬ್ಬದಲ್ಲಿ ಪೂಜೆ ಒಂದು, ಜನ ಕೂಡಿ ಉಣ್ಣುವ ಸಂತೋಷ ಇನ್ನೊಂದು ಎಂಬ ವಿವೇಕವನ್ನು ಆ ಕಾಗದದಲ್ಲಿ ಕಾಣಬಹುದು.

ದೂರದ ಮಾತು ಸಾಕು. ನಾವು ಬಾಳುತ್ತಿರುವ ಈ ತಮಿಳು ಸೀಮೆಯಲ್ಲೇ ಈ ಪ್ರಶ್ನೆ ಮುನ್ನೂರು ವರ್ಷ ಉರಿದಿದೆ. ೧೬೦೬ರಲ್ಲಿ ಮಧುರೆಗೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ರಾಬರ್ಟೊ ದೆ ನೊಬಿಲಿ ಕಾವಿಯುಟ್ಟು, ಮಾಂಸ ಬಿಟ್ಟು, ತಮಿಳನ್ನೂ ಸಂಸ್ಕೃತವನ್ನೂ ಕಲಿತು ಬೋಧಿಸಿದರು. ಕ್ರೈಸ್ತರಾದವರು ಜನಿವಾರ, ಜುಟ್ಟು, ಗಂಧ, ಸ್ನಾನ ಇವನ್ನು ಉಳಿಸಿಕೊಳ್ಳಬಹುದು. ಇವು ಊರಿನ ಮರ್ಯಾದೆಗಳು, ಪೂಜೆಯಲ್ಲ ಎಂಬುದು ಅವರ ವಾದ. ಜೊತೆಯ ಪಾದ್ರಿಗಳೇ ದೂರು ಕೊಟ್ಟರು. ೧೬೨೩ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ನೊಬಿಲಿಯವರ ಪರವಾಗಿ ತೀರ್ಪು ಕೊಟ್ಟರು. ನೊಬಿಲಿಯವರು ೧೬೫೬ರಲ್ಲಿ ಕೊನೆಯುಸಿರೆಳೆದದ್ದು ಇಲ್ಲಿಯೇ, ನಾವು ತರಕಾರಿಗೂ ಸಂಗೀತಕ್ಕೂ ಹೋಗುವ ಮೈಲಾಪುರದಲ್ಲಿ. ಅವರದೇ ದಾರಿ ಹಿಡಿದ ಲಿಯೊನಾರ್ಡೊ ಚಿನ್ನಮಿ ಎಂಬವರು ಅದೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಸನ್ಯಾಸಿಯ ವೇಷದಲ್ಲಿ ಕನ್ನಡಿಗರ ನಡುವೆ ಇದ್ದರು.

ಗಾಳಿ ಮತ್ತೆ ತಿರುಗಿತು. ೧೭೦೪ರಲ್ಲಿ ಪೋಪರ ಪ್ರತಿನಿಧಿ ತೂರ್ನೋನ್ ಪಾಂಡಿಚೇರಿಯಲ್ಲಿ ಆಜ್ಞೆ ಹೊರಡಿಸಿದರು: ಮದುವೆಯಲ್ಲಿ ಕಾಯಿ ಒಡೆಯಬಾರದು, ಪಿಳ್ಳೆಯಾರಿನ ಗುರುತಿರುವ ತಾಳಿ ಕಟ್ಟಬಾರದು, ಹುಡುಗಿ ದೊಡ್ಡವಳಾದಾಗ ಹಬ್ಬ ಮಾಡಬಾರದು, ಬೂದಿ ಹಚ್ಚಬಾರದು. ೧೭೪೪ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಇದನ್ನು ಗಟ್ಟಿಮಾಡಿದರು. ಇಲ್ಲಿಗೆ ಬರುವ ಪಾದ್ರಿಗಳು ಇವನ್ನು ಪಾಲಿಸುವುದಾಗಿ ಆಣೆಯಿಡಬೇಕಾಗಿತ್ತು. ಆ ಆಣೆ ರದ್ದಾದದ್ದು ೧೯೪೦ರಲ್ಲಿ. ೧೯೬೯ರಲ್ಲಿ ರೋಮ್ ನಗರವೇ ಭಾರತದ ಇಗರ್ಜಿಗಳಿಗೆ ಕೈ ಮುಗಿಯುವ ನಮಸ್ಕಾರವನ್ನೂ ಆರತಿಯನ್ನೂ ಬಳಸಲು ಒಪ್ಪಿಗೆ ಕೊಟ್ಟಿತು. ಗೋವೆಯ ಇಂಕ್ವಿಸಿಶನ್ ೧೭೩೬ರಲ್ಲಿ ಹೊರಡಿಸಿದ ಪಟ್ಟಿ ಇನ್ನೂ ವಿಚಿತ್ರ: ಅಂಗಳದಲ್ಲಿ ತುಳಸಿ ಇರಬಾರದು, ಗಂಡಸರು ಧೋತ್ರ ಉಡಬಾರದು, ಅನ್ನಕ್ಕೆ ಉಪ್ಪು ಹಾಕದೆ ಬೇಯಿಸಬಾರದು! ಅನ್ನದ ಉಪ್ಪಿನಿಂದ ಮನುಷ್ಯನ ವಿಶ್ವಾಸವನ್ನು ಅಳೆಯಲು ಹೊರಟವರು ಎಲ್ಲಿಗೆ ಮುಟ್ಟಿದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗೆಂದು "ಎಲ್ಲವೂ ಸಂಸ್ಕೃತಿ, ಎಲ್ಲವೂ ಸರಿ" ಎಂದುಬಿಡುವುದೂ ಸುಲಭದ ದಾರಿ. ೧೭೦೪ರ ಆ ಆಜ್ಞೆಯಲ್ಲೇ, ಹೊಲೆಗೇರಿಯ ರೋಗಿಯ ಮನೆಗೆ ಹೋಗಿ ಸಂಸ್ಕಾರ ಕೊಡಲು ಪಾದ್ರಿ ಒಲ್ಲೆನೆನ್ನಬಾರದು ಎಂಬ ಕಲಮೂ ಇತ್ತು. ಗಂಧ, ಜುಟ್ಟುಗಳನ್ನು ಊರಿನ ಮರ್ಯಾದೆಯೆಂದು ಉಳಿಸಿಕೊಂಡವರು ಅದೇ ಹೆಸರಿನಲ್ಲಿ ಮಡಿ ಮೈಲಿಗೆಯನ್ನೂ ಉಳಿಸಿಕೊಂಡಿದ್ದರು. ತಂಜಾವೂರಿನ ಪ್ರಸಿದ್ಧ ಕ್ರೈಸ್ತ ಕವಿ ವೇದನಾಯಕ ಶಾಸ್ತ್ರಿಗಳ (೧೭೭೪–೧೮೬೪) ಕಥೆಯೂ ಇಂತಹುದೇ. ಹೊಸದಾಗಿ ಬಂದ ಮಿಶನರಿಗಳು ಹಬ್ಬ ಮದುವೆಗಳಲ್ಲಿ ಹೂ ಬೇಡವೆಂದರು, ದೇವಾಲಯದಲ್ಲಿ ತಮಿಳು ಸಂಗೀತ ಬೇಡವೆಂದರು, ಶಾಸ್ತ್ರಿಗಳು ಸಿಡಿದೆದ್ದರು. ಹೂವಿನ ವಿಷಯದಲ್ಲಿ, ಹಾಡಿನ ವಿಷಯದಲ್ಲಿ ನಮ್ಮ ಮನಸ್ಸು ಅವರ ಕಡೆಗೇ. ಆದರೆ ಸಭೆಯಲ್ಲಿ ಎಲ್ಲ ಜಾತಿಯವರೂ ಬೆರೆತು ಕೂರಬೇಕೆಂಬುದನ್ನೂ ಅವರು ಅದೇ ದೂರಿನಲ್ಲಿ ಸೇರಿಸಿದ್ದರು. ಅಲ್ಲಿ ನಾವು ಅವರ ಕೈಬಿಡಲೇಬೇಕು. ಆಚಾರದಲ್ಲಿ ಹೂವೂ ಉಂಟು, ಮುಳ್ಳೂ ಉಂಟು. ಮುಳ್ಳು ಯಾವುದೆಂದು ತಿಳಿಯಲು ಬೇರನ್ನು ಅಗೆಯಬೇಕಾಗಿಲ್ಲ. ಯಾರಿಗೆ ಚುಚ್ಚುತ್ತದೆಂದು ನೋಡಿದರೆ ಸಾಕು.

ಹೂವು ಹೇಗಿರುತ್ತದೆಂಬುದಕ್ಕೆ ನಮ್ಮ ಕರಾವಳಿಯೇ ಉದಾಹರಣೆ. ಭತ್ತದ ಹೊಸ ತೆನೆ ಮನೆಗೆ ಬರುವುದು ತುಳುನಾಡಿನಲ್ಲಿ ಎಲ್ಲರಿಗೂ ಹಬ್ಬ. ಹಿಂದೂ ಮನೆಗಳಲ್ಲಿ ಹೊಸ ಅಕ್ಕಿಯ ಊಟ, ಪುದ್ದಾರ್. ಕೊಡಗಿನಲ್ಲಿ ಅದು ಪುತ್ತರಿ. ಮಂಗಳೂರು ಕೆಥೋಲಿಕರಿಗೆ ಅದೇ ಮೊಂತಿ ಹಬ್ಬ, ಸೆಪ್ಟೆಂಬರ್ ೮, ಕನ್ಯಾಮರಿಯಮ್ಮನ ಜನ್ಮದಿನ. ಫರಂಗಿಪೇಟೆಯ ಇಗರ್ಜಿಯಲ್ಲಿ ೧೭೬೩ರಲ್ಲಿ ಇದು ಮೊದಲಾಯಿತೆಂದು ವಾಡಿಕೆ. ಮಕ್ಕಳು ಒಂಬತ್ತು ದಿನ ಹೂ ತಂದು ಬಾಲಮರಿಯಮ್ಮನಿಗೆ ಅರ್ಪಿಸುವರು. ಹಬ್ಬದ ದಿನ ಪಾದ್ರಿಗಳು ಆಶೀರ್ವದಿಸಿದ ಕದಿರನ್ನು ಮನೆಗೆ ತಂದು, ಕಾಳು ಬಿಡಿಸಿ ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಹಂಚಿಕೊಳ್ಳುವರು. ಆ ದಿನ ಬಾಳೆ ಎಲೆಯ ಮೇಲೆ ಬರಿಯ ತರಕಾರಿ ಊಟ. ಪಲ್ಯಗಳ ಲೆಕ್ಕ ಬೆಸವಾಗಿರಬೇಕು. ದೂರದೂರಿನ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ತಾಯಂದಿರೂ ಉಂಟು. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿಯೂ ಬೆಳೆಯ ಹಬ್ಬವೆಂದು ಕುಂಬಳಕಾಯಿ, ಬಾಳೆಗೊನೆ, ಕೋಳಿ ತಂದು ಹರಾಜು ಹಾಕುವುದಿಲ್ಲವೆ? ಕ್ರಿಸ್‌ಮಸ್ಸಿನ ಕುಸ್ವಾರಿನಲ್ಲಿ ಬರುವ ನೆವ್ರಿ ಎಂದರೆ ಎದುರು ಮನೆಯವರ ಕರ್ಜಿಕಾಯಿಯೇ ಅಲ್ಲವೆ? ಅದೇ ಸೆಪ್ಟೆಂಬರ್ ೮ರ ಹಬ್ಬಕ್ಕೆ ಚೆನ್ನೈಯ ಬೆಸೆಂಟ್ ನಗರದ ವೇಳಾಂಗಣ್ಣಿ ಮಾತೆಯ ಇಗರ್ಜಿಗೆ ಕಾವಿ ಉಟ್ಟು ನಡೆದುಬರುವ ಸಾವಿರಾರು ಜನರಲ್ಲಿ ಹಿಂದೂಗಳು ಎಷ್ಟೋ ಮಂದಿ. ಪೊಂಗಲ್ ದಿನ ತಮಿಳುನಾಡಿನ ಅನೇಕ ಇಗರ್ಜಿಗಳ ಅಂಗಳದಲ್ಲೇ ಮಡಕೆಯಿಟ್ಟು ಹಾಲು ಉಕ್ಕಿಸಿ ದೇವರಿಗೆ ಸ್ತೋತ್ರ ಹೇಳುವರು. ಕಾಳು ಒಂದೇ, ಕೃತಜ್ಞತೆ ಒಂದೇ. ಯಾರನ್ನು ನೆನೆದು ತಲೆಬಾಗುತ್ತೇವೆ ಎಂಬುದರಲ್ಲಿ ಮಾತ್ರ ದಾರಿ ಬೇರೆ.

ಹಾಗಾದರೆ ಗೆರೆ ಎಳೆಯುವುದೆಲ್ಲಿ? ಇದಕ್ಕೆ ಸಂತ ಪೌಲನಷ್ಟು ವ್ಯವಹಾರ ಬಲ್ಲವರು ಬೇರೆ ಯಾರೂ ಸಿಗರು. ಕೊರಿಂಥ ಪಟ್ಟಣದಲ್ಲಿ ಗುಡಿಯಲ್ಲಿ ಅರ್ಪಿತವಾದ ಮಾಂಸ ಪೇಟೆಗೂ ಬರುತ್ತಿತ್ತು, ನೆರೆಯವರ ಊಟದ ಎಲೆಗೂ ಬರುತ್ತಿತ್ತು. ತಿನ್ನಬಹುದೆ ಎಂದು ಅಲ್ಲಿಯ ವಿಶ್ವಾಸಿಗಳು ಕೇಳಿದರು. ಅವನ ಉತ್ತರದ ಸಾರಾಂಶ ನಾಲ್ಕು ಮಾತು. ಪೇಟೆಯಲ್ಲಿ ಮಾರುವುದನ್ನು ವಿಚಾರಣೆಯಿಲ್ಲದೆ ಕೊಂಡು ತಿನ್ನು. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ಕೆದಕದೆ ಉಣ್ಣು. ಇದು ಅರ್ಪಿಸಿದ್ದೆಂದು ಯಾರಾದರೂ ಎತ್ತಿ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡು. ವಿಗ್ರಹದ ಪೂಜಾಪಂಕ್ತಿಯಲ್ಲಿ ಮಾತ್ರ ಕೂರಬೇಡ. ದಿನಗಳ ಬಗ್ಗೆ ರೋಮಾಪುರದವರಿಗೆ ಬರೆಯುವಾಗಲೂ, ಒಬ್ಬನಿಗೆ ಒಂದು ದಿನ ವಿಶೇಷ, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ, ಒಬ್ಬರನ್ನೊಬ್ಬರು ತೀರ್ಪುಮಾಡದಿರಲಿ ಎಂದೇ ಅವನ ಧೋರಣೆ.

ಇದನ್ನು ನಮ್ಮ ಚೆನ್ನೈ ಸಂಸಾರಕ್ಕೆ ಇಳಿಸಿ ನೋಡೋಣ. ಯುಗಾದಿಯ ಬೇವುಬೆಲ್ಲ ತಿನ್ನಲು ಯಾರ ಅಡ್ಡಿಯೂ ಇಲ್ಲ. ಸುಖದುಃಖಗಳನ್ನು ಸಮನಾಗಿ ನುಂಗಲು ಕಲಿಯುವುದು ಯಾವ ಮತಕ್ಕೂ ವಿರೋಧವಲ್ಲ. ಪರ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡದ ವರ್ಷ ಹೊಸದಾಗುವುದು ತಿಳಿಯುವುದೇ ಆ ಒಂದು ದಿನ. ಹೋಳಿಗೆಯ ಊಟಕ್ಕೆ ಕರೆದರೆ ಹೋಗಿ, ಹೊಟ್ಟೆ ತುಂಬ ಉಣ್ಣಿ. ನವರಾತ್ರಿಯಲ್ಲಿ ಗೊಂಬೆ ನೋಡಲು ಕರೆದರೆ ಹೆಂಗಸರು ಮಕ್ಕಳು ಹೋಗಿ ನೋಡಿ, ಮೆಚ್ಚಿ, ಉಸುಲಿ ತಿಂದು, ಒಂದು ಹಾಡು ಹೇಳಿ ಬರಲಿ. ಕುಂಕುಮ ಬೇಡವೆನಿಸಿದರೆ "ನಮ್ಮಲ್ಲಿ ವಾಡಿಕೆಯಿಲ್ಲ, ಹೂ ಕೊಡಿ" ಎಂದರೆ ಬೇಸರಪಟ್ಟುಕೊಳ್ಳುವ ಮಾಮಿಯನ್ನು ನಾನು ಈ ಊರಿನಲ್ಲಿ ಕಂಡಿಲ್ಲ.

ಕಚೇರಿಯ ಆಯುಧಪೂಜೆ ಸ್ವಲ್ಪ ಸೂಕ್ಷ್ಮ. ರಜೆಯ ಮುನ್ನಾ ದಿನ ಕಂಪ್ಯೂಟರಿಗೂ ಕಡತದ ಬೀರುವಿಗೂ ಗಂಧ ಕುಂಕುಮವಾಗುತ್ತದೆ. ಧೂಳು ಹೊಡೆಯುವುದರಲ್ಲಿ, ಪುರಿ, ಕಡಲೆ, ಬೆಲ್ಲದ ಪೊಟ್ಟಣ ಕಟ್ಟುವುದರಲ್ಲಿ ನಾನೂ ಸೇರುತ್ತೇನೆ. ತಿಂಡಿಯ ವಂತಿಗೆಯನ್ನೂ ಕೊಡುತ್ತೇನೆ. ಮಂಗಳಾರತಿಯ ಹೊತ್ತಿಗೆ ಹಿಂದೆ ಸುಮ್ಮನೆ ನಿಲ್ಲುತ್ತೇನೆ, ಕೈ ಮುಗಿಯುವುದಿಲ್ಲ. ನಂಬದೆ ಕೈ ಮುಗಿದರೆ ನನ್ನ ದೇವರಿಗೂ ಸುಳ್ಳು, ಅವರ ದೇವರಿಗೂ ಸುಳ್ಳು. ಇನ್ನು, ಒಬ್ಬರು "ಇದು ಪ್ರಸಾದ, ದೇವರದೆಂದು ತಿಳಿದು ತೆಗೆದುಕೊಳ್ಳಿ" ಎಂದೇ ನೀಡಿದರೆ? ಪೌಲನ ಮಾತಿನಂತೆ ಅಲ್ಲಿ ಬೇಡವೆನ್ನಬೇಕು. ಆದರೆ ಬೇಡವೆನ್ನುವುದಕ್ಕೂ ಒಂದು ಮರ್ಯಾದೆಯುಂಟು: ಎದ್ದು ನಿಂತು, ಮುಖ ನೋಡಿ, ಕಾರಣ ಹೇಳಿ, "ನಿಮ್ಮ ವಿಶ್ವಾಸ ದೊಡ್ಡದು" ಎನ್ನಬೇಕು. ಬಟ್ಟಲನ್ನು ಪಕ್ಕಕ್ಕೆ ಸರಿಸುವುದು ಉತ್ತರವಲ್ಲ.

ಬೇಡವೆನ್ನುವವರನ್ನು ಹಗುರಾಗಿ ಕಾಣಬಾರದೆಂಬುದನ್ನೂ ಹೇಳಬೇಕು. ಮೂರು ತಲೆಮಾರಿನ ಕ್ರೈಸ್ತನಾದ ನನಗೆ ಕುಂಕುಮ ಒಂದು ಬಣ್ಣ. ನಿನ್ನೆ ಮೊನ್ನೆ ಮನೆಯನ್ನೂ ನಂಟರನ್ನೂ ಬಿಟ್ಟು ವಿಶ್ವಾಸಕ್ಕೆ ಬಂದವಳಿಗೆ ಅದು ಬಣ್ಣವಲ್ಲ. ಇನ್ನು ಕೆಲವರಿಗೆ ಹಬ್ಬದ ನೆನಪೇ ಬೇರೆ: ತೇರು ಅವರ ಕೇರಿಗೆ ಬರಲಿಲ್ಲ, ಅವರನ್ನು ಗುಡಿಯ ಒಳಗೆ ಬಿಡಲಿಲ್ಲ, ಊಟ ಕೊನೆಗೆ ಬೇಲಿಯಾಚೆ ಸಿಕ್ಕಿತು. ಅಂತಹವರ ಮುಂದೆ ನಿಂತು "ಇದು ಬರಿಯ ಸಂಸ್ಕೃತಿಯಪ್ಪಾ" ಎಂದು ಬುದ್ಧಿ ಹೇಳುವ ಹಕ್ಕು ನಮಗಿಲ್ಲ. ಪೌಲನು ಬಿಡು ಎಂದದ್ದು ಇಂತಹ ಮನಸ್ಸುಗಳನ್ನು ನೋಯಿಸಬಾರದೆಂದೇ.

ಆದ್ದರಿಂದ ಪತ್ರ ಬರೆದ ಸೋದರಿಗೆ ನನ್ನ ವಿನಂತಿ ಇಷ್ಟು. ಅತ್ತೆಯವರೊಡನೆ ವಾದ ಬೇಡ. ಅವರು ತಿನ್ನದಿರುವುದು ಅವರ ನಿಶ್ಚಯ, ಅದನ್ನು ಕಾಯಿರಿ. ಮಾಮಿಯವರ ಹತ್ತಿರ ನೀವೇ ಹೋಗಿ, ಮುಚ್ಚುಮರೆಯಿಲ್ಲದೆ, "ನಮ್ಮ ಹಿರಿಯರಿಗೆ ಹೀಗೊಂದು ವ್ರತ, ನಿಮ್ಮ ಮೇಲೆ ಬೇಸರವಲ್ಲ" ಎಂದು ಹೇಳಿ. ವ್ರತವೆಂದರೇನೆಂದು ಮಾಮಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬೇಡಿ. ಮಗಳಿಗೆ, "ನಾವು ಸೂರ್ಯನನ್ನು ಪೂಜಿಸುವುದಿಲ್ಲ, ಸೂರ್ಯನನ್ನು ಉಂಟುಮಾಡಿದವನನ್ನು ಪೂಜಿಸುತ್ತೇವೆ, ಅಕ್ಕಿಗಾಗಿ ಮಾಮಿಯೂ ಕೃತಜ್ಞರು, ನಾವೂ ಕೃತಜ್ಞರು" ಎಂದು ತಿಳಿಸಿಕೊಡಿ. ಅವರ ದೇವರು ಸುಳ್ಳು, ಪಿಶಾಚಿ ಎಂಬ ಮಾತು ಮಾತ್ರ ಮಗುವಿನ ಕಿವಿಗೆ ಬೀಳದಿರಲಿ. ಆ ಮಾತು ಕೇಳಿ ಬೆಳೆದ ಮಗುವಿಗೆ ನಾಳೆ ನೆರೆಯೇ ಇರುವುದಿಲ್ಲ.

ನಮ್ಮ ಬಟ್ಟಲುಗಳಿಗೂ ಇದೇ ನಿಯಮ. ಕ್ರಿಸ್‌ಮಸ್ ಕೇಕಿನಲ್ಲಿ ಮೊಟ್ಟೆಯಿದ್ದರೆ, ರಮ್ಮಿನಲ್ಲಿ ನೆನೆಸಿದ ದ್ರಾಕ್ಷಿಯಿದ್ದರೆ, ಮಡಿವಂತರ ಮನೆಗೆ ಅದನ್ನು ಕಳುಹಿಸಿ "ಏನೂ ಆಗುವುದಿಲ್ಲ, ತಿನ್ನಿ" ಎನ್ನಬಾರದು. ಅವರಿಗೆ ಬಾಳೆಹಣ್ಣು, ಕಿತ್ತಳೆ, ಮೊಟ್ಟೆಯಿಲ್ಲದ ಕುಸ್ವಾರು ಹೋಗಲಿ. ನಮ್ಮ ಮನಸ್ಸಾಕ್ಷಿಯನ್ನು ಅವರು ಕಾಯಬೇಕೆಂದು ಬಯಸುವವರು ಅವರದನ್ನೂ ಕಾಯಬೇಕು.

ಕೊನೆಗೆ ನಮ್ಮ ಸಂಘದ ಹಿರಿಯರಲ್ಲಿ ಒಂದು ಅರಿಕೆ. ಯುಗಾದಿ, ದಸರೆಗಳ ಸಮಾರಂಭದಲ್ಲಿ ಪೂಜೆ ಇರುವುದು ಸಹಜ, ಇರಲಿ. ಆದರೆ ಆಹ್ವಾನಪತ್ರಿಕೆಯಲ್ಲಿ ಪೂಜೆಯ ಹೊತ್ತು ಇಷ್ಟು, ಹಾಡು, ನಾಟಕ, ಊಟದ ಹೊತ್ತು ಇಷ್ಟು ಎಂದು ಬೇರೆ ಬೇರೆಯಾಗಿ ಅಚ್ಚುಹಾಕಿಸಿದರೆ ಬಹಳ ಉಪಕಾರವಾಗುತ್ತದೆ. ಪೂಜೆಗೆ ಬರುವವರು ಪೂಜೆಗೆ ಬರಲಿ. ಕನ್ನಡಕ್ಕೆ ಬರುವವರು ಕನ್ನಡಕ್ಕೆ ಬರಲಿ. ಎಷ್ಟೋ ಕ್ರೈಸ್ತ, ಮುಸಲ್ಮಾನ ಕನ್ನಡಿಗರು ಸಂಘದ ಬಾಗಿಲವರೆಗೆ ಬಂದು, ಒಳಗೆ ಆರತಿ ನಡೆಯುತ್ತಿದೆಯೆಂದು ಸಂಕೋಚದಿಂದ ಹಿಂದಿರುಗುತ್ತಾರೆ. ಅವರ ಮಕ್ಕಳಿಗೆ ಅಲ್ಲಿ ಕೇಳಬಹುದಾಗಿದ್ದ ಕನ್ನಡವೂ ಅಷ್ಟರ ಮಟ್ಟಿಗೆ ತಪ್ಪಿಹೋಗುತ್ತದೆ. ಆಹ್ವಾನಪತ್ರಿಕೆಯಲ್ಲಿ ಒಂದು ಸಾಲು ಹೆಚ್ಚಾದರೆ ಅಚ್ಚಿನ ಖರ್ಚೇನೂ ಏರದು.